ಕಪ್ಪು ಮರಳು ಮತ್ತು ಒಂದು ಹಳೆಯ ಪ್ರಶ್ನೆ



ಈ ಸಲದ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಗೋಪೂಜೆ ಮುಗಿದು, ಊಟವಾಗಿ, ಎಲ್ಲರೂ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆಯ ಸುತ್ತ ಕುಳಿತಿದ್ದಾಗ ಅಳಿಯನ ಮಗಳು ನನ್ನ ಪಕ್ಕಕ್ಕೆ ಬಂದು ಕುಳಿತಳು. ಈಗ ಎರಡನೆಯ ಪಿಯುಸಿ ಓದುತ್ತಿದ್ದಾಳೆ, ವಿಜ್ಞಾನ ವಿಭಾಗ. ಯಾವ ಪೀಠಿಕೆಯೂ ಇಲ್ಲದೆ ಕೇಳಿದಳು: "ಮೇಷ್ಟ್ರಜ್ಜ, ನಮ್ಮಜ್ಜನ ತಲೆಯ ಗಡ್ಡೆಗೆ ಜರ್ಮನಿಯಲ್ಲಿ ಅಯಸ್ಕಾಂತದ ಔಷಧಿ ಇತ್ತಂತೆ. ನೀವೇ ಬೇಡ ಅಂದಿರಂತೆ. ಹೌದಾ?"

ಜಗಲಿಯಲ್ಲಿ ಒಮ್ಮೆಲೇ ಮಾತು ನಿಂತಿತು. ಅಳಿಯ ಮಗಳನ್ನು ಗದರಿಸಲು ಹೊರಟ. "ಕೇಳಲಿ ಬಿಡು" ಎಂದೆ. ಆದರೆ ನನಗೂ ಅಲ್ಲಿ ಉತ್ತರ ಹೇಳಲಾಗಲಿಲ್ಲ. "ಹೌದು" ಎಂದರೂ ತಪ್ಪಾಗುತ್ತಿತ್ತು, "ಅಲ್ಲ" ಎಂದರೂ ತಪ್ಪಾಗುತ್ತಿತ್ತು. "ಬರೆದು ತಿಳಿಸುತ್ತೇನೆ ಮಗೂ" ಎಂದು ಮಾತು ಕೊಟ್ಟು ಬಂದೆ. ಮೂವತ್ತಾರು ವರ್ಷ ಪಾಠ ಮಾಡಿದವನಿಗೆ ಯಾವುದನ್ನಾದರೂ ಮೊದಲಿನಿಂದ ಹೇಳದೆ ತೃಪ್ತಿಯಿಲ್ಲ. ಆದುದರಿಂದ ಈ ಬರಹ ಸ್ವಲ್ಪ ದೀರ್ಘವಾಗಿದೆ. ಸಹಿಸಿಕೊಳ್ಳಬೇಕು.

ಈ ಕಥೆ ಆರಂಭವಾಗುವುದು ಜರ್ಮನಿಯಲ್ಲಿ ಅಲ್ಲ, ಭದ್ರಾ ನದಿಯ ಮರಳಿನಲ್ಲಿ.

1988ರಲ್ಲಿ ನಾನು ಆ ನದಿಯ ದಂಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ನಮ್ಮ ಪ್ರಯೋಗಾಲಯವೆಂದರೆ ಒಂದು ಮರದ ಕಪಾಟು. ಅದರಲ್ಲಿ ಎರಡು ದಂಡಕಾಂತಗಳು, ಒಂದು ಲಾಳಾಕಾರದ ಕಾಂತ, ತುಕ್ಕು ಹಿಡಿದು ಗಟ್ಟಿಯಾದ ಕಬ್ಬಿಣದ ಪುಡಿಯ ಡಬ್ಬಿ. ಆ ಪುಡಿ ಪ್ರಯೋಗಕ್ಕೆ ಒದಗದ ಕಾರಣ ಒಂಬತ್ತನೆಯ ತರಗತಿಯ ಮಕ್ಕಳನ್ನು ಹೊಳೆಗೆ ಕರೆದುಕೊಂಡು ಹೋಗುತ್ತಿದ್ದೆ. ದಂಡಕಾಂತವನ್ನು ಕಾಗದದಲ್ಲಿ ಸುತ್ತಿ ಒಣಮರಳಿನಲ್ಲಿ ಎಳೆದರೆ ಅದರ ತುದಿಗಳಿಗೆ ಕಪ್ಪು ಪುಡಿ ಮೀಸೆಯ ಹಾಗೆ ಅಂಟುತ್ತದೆ. ನಿಮ್ಮಲ್ಲಿ ಅನೇಕರಿಗೆ ಇದು ನೆನಪಿರಬೇಕು. ಆ ಪುಡಿಯಲ್ಲಿರುವುದು ಮ್ಯಾಗ್ನಟೈಟ್, ಅಂದರೆ ಕಬ್ಬಿಣದ ಒಂದು ಆಕ್ಸೈಡ್. ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಆಮ್ಲಜನಕ. ನದಿ ಹುಟ್ಟುವ ಕುದುರೆಮುಖದ ಬೆಟ್ಟಗಳಲ್ಲಿ ಇದೇ ಅದಿರು. ಆಗ ಅಲ್ಲಿ ಅದನ್ನು ಅಗೆದು, ಪುಡಿಮಾಡಿ, ನೀರಿನಲ್ಲಿ ಕಲಸಿ, ಕೊಳವೆಯ ಮೂಲಕ ಮಂಗಳೂರಿಗೆ ಕಳುಹಿಸುತ್ತಿದ್ದರು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು.

ಒಂದು ದಿನ ಹಾಗೆ ಪುಡಿ ಸಂಗ್ರಹಿಸುತ್ತಿದ್ದಾಗ ಒಬ್ಬ ಹುಡುಗಿ ಎದ್ದುನಿಂತಳು. ಹೆಸರು ಬರೆಯುವುದಿಲ್ಲ; ಅವಳೂ ಇದನ್ನು ಓದುತ್ತಾಳೆ. "ಸರ್, ಅಯಸ್ಕಾಂತ ತೆಗೆದ ಮೇಲೂ ಈ ಪುಡಿ ಒಂದಕ್ಕೊಂದು ಅಂಟಿಕೊಂಡೇ ಇದೆಯಲ್ಲ, ಯಾಕೆ?" ಇದಕ್ಕೆ ಉತ್ತರ ಗೊತ್ತಿತ್ತು. ಆ ಕಣಗಳು ತಾವೇ ಪುಟ್ಟ ಅಯಸ್ಕಾಂತಗಳಾಗಿಬಿಟ್ಟಿವೆ, ಹಾಗಾಗಿ ಪರಸ್ಪರ ಹಿಡಿದುಕೊಂಡಿವೆ ಎಂದೆ. ಅವಳು ಕುಳಿತುಕೊಳ್ಳಲಿಲ್ಲ. "ಹಾಗಾದರೆ ಸರ್, ಅಯಸ್ಕಾಂತ ಕರೆದಾಗ ಬರಬೇಕು, ಬಿಟ್ಟಾಗ ಒಂದಕ್ಕೊಂದು ಅಂಟಬಾರದು, ಹಾಗೆ ಮಾಡುವುದಕ್ಕೆ ಆಗ್ತದಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಆ ವಯಸ್ಸಿನಲ್ಲಿರಲಿಲ್ಲ. "ಹಾಗೆ ಮಾಡಿ ನಿನಗೇನು ಉಪಯೋಗ? ಕುಳಿತುಕೋ" ಎಂದೆ. ಹುಡುಗರು ನಕ್ಕರು. ಅವಳು ಕುಳಿತಳು. ಆ ವರ್ಷ ಮತ್ತೆ ಅವಳು ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಇನ್ನು 2011ಕ್ಕೆ ಬರುತ್ತೇನೆ. ಆ ವರ್ಷದ ಆರಂಭದಲ್ಲಿ ಭಾವನಿಗೆ ವಿಪರೀತ ತಲೆನೋವು, ಮಾತಿನಲ್ಲಿ ತಡವರಿಕೆ ಶುರುವಾಯಿತು. ಕರಾವಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ಮಾಡಿಸಿದಾಗ ಮೆದುಳಿನಲ್ಲಿ ಗ್ಲಯೊಬ್ಲಾಸ್ಟೋಮ ಎಂಬ ಗಡ್ಡೆ ಇರುವುದು ತಿಳಿಯಿತು. ಮೆದುಳಿನ ಕ್ಯಾನ್ಸರುಗಳಲ್ಲಿ ಅತ್ಯಂತ ಕ್ರೂರವಾದುದು ಅದು. ಶಸ್ತ್ರಚಿಕಿತ್ಸೆಯಾಯಿತು, ವಿಕಿರಣ ಕೊಟ್ಟರು, ಮಾತ್ರೆ ನುಂಗಿದ್ದಾಯಿತು. ಮಳೆಗಾಲವೆಲ್ಲ ಭಾವ ಚೆನ್ನಾಗಿಯೇ ಇದ್ದರು. ನವೆಂಬರಿನಲ್ಲಿ ಗಡ್ಡೆ ಮರಳಿ ಬಂತು. ಆಗಲೇ ಅಳಿಯ ಒಂದು ಸಂಜೆ ನಮ್ಮ ಮನೆಗೆ ಬಂದ. ಅವನ ಕೈಯಲ್ಲಿ ಒಂದು ಪತ್ರಿಕೆಯ ತುಣುಕು. ಬರ್ಲಿನ್ನಿನಲ್ಲಿ ಕಬ್ಬಿಣದ ಅತಿಸೂಕ್ಷ್ಮ ಕಣಗಳನ್ನು ಗಡ್ಡೆಯೊಳಗೆ ಚುಚ್ಚಿ, ಹೊರಗಿನಿಂದ ಕಾಂತಕ್ಷೇತ್ರ ಹಾಯಿಸಿ, ಗಡ್ಡೆಯನ್ನು ಬಿಸಿಮಾಡಿ ಸಾಯಿಸುತ್ತಾರೆ ಎಂಬ ಸುದ್ದಿ.

"ಮಾವ, ನೀವು ವಿಜ್ಞಾನದ ಮೇಷ್ಟ್ರು. ಇದು ನಿಜವೋ ಸುಳ್ಳೋ ಹೇಳಿಬಿಡಿ. ನೀವು ಹೂಂ ಅಂದರೆ ಕೆಳಗಿನ ತೋಟ ಮಾರಿಬಿಡ್ತೇನೆ" ಎಂದ.

ಪರೀಕ್ಷೆಗೆ ಓದದೆ ಹೋದ ವಿದ್ಯಾರ್ಥಿಯ ಸ್ಥಿತಿ ನನ್ನದಾಯಿತು. ಒಂದು ವಾರದ ಅವಕಾಶ ಕೇಳಿದೆ. ಯಾರನ್ನು ಕೇಳುವುದು ಎಂದು ಯೋಚಿಸುವಾಗ ಆ ಹುಡುಗಿಯ ನೆನಪಾಯಿತು. ಅವಳು ಆ ಹೊತ್ತಿಗೆ ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಇಂಥದೇ ಕಣಗಳ ಮೇಲೆ ಕೆಲಸ ಮಾಡುತ್ತಿದ್ದಳು ಎಂಬುದನ್ನು ಶಾಲೆಯ ಬೆಳ್ಳಿಹಬ್ಬದಂದು ಯಾರೋ ಹೇಳಿದ್ದರು. ಸಂಕೋಚದಿಂದಲೇ ಪತ್ರ ಬರೆದೆ. ಮರುದಿನವೇ ಅವಳ ಫೋನು ಬಂತು. ನಾಲ್ಕು ಸಂಜೆ, ಪ್ರತಿ ಸಂಜೆ ಗಂಟೆಗಟ್ಟಲೆ, ನನಗೆ ಪಾಠ ಹೇಳಿದಳು. ಅಂದು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದನ್ನೇ ಈಗ ನನ್ನ ಮಾತಿನಲ್ಲಿ ಹೇಳುತ್ತೇನೆ.

ಮೊದಲು ಗಾತ್ರದ ವಿಚಾರ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರ್. ನಮ್ಮ ರಕ್ತದ ಕೆಂಪುಕಣದ ಅಗಲ ಸುಮಾರು 7,000 ನ್ಯಾನೊಮೀಟರ್. ನಾವು ಮಾತನಾಡುತ್ತಿರುವ ಕಣಗಳು ಸುಮಾರು 10 ನ್ಯಾನೊಮೀಟರಿನವು. ಒಂದು ಕೆಂಪುಕಣದ ಅಗಲಕ್ಕೆ ಅಂಥ ಏಳುನೂರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು.

ಇಷ್ಟು ಸಣ್ಣದಾದಾಗ ಮ್ಯಾಗ್ನಟೈಟಿನ ಸ್ವಭಾವವೇ ಬದಲಾಗುತ್ತದೆ. ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ 1949ರಲ್ಲಿ ಇದರ ಸಿದ್ಧಾಂತವನ್ನು ಮಂಡಿಸಿದರು. ಕಾಂತತ್ವದ ಮೇಲಿನ ಅವರ ಕೆಲಸಕ್ಕೆ 1970ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯನ್ನು ನೆನಪಿಸಿಕೊಳ್ಳಿ. ಗಂಟೆ ಹೊಡೆದಾಗ ಎಲ್ಲರೂ ಸಾಲಾಗಿ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುತ್ತಿದ್ದಿರಿ. ಪ್ರಾರ್ಥನೆ ಮುಗಿದೊಡನೆ ಚೆಲ್ಲಾಪಿಲ್ಲಿ! ಮರಳಿನ ದೊಡ್ಡ ಕಣಗಳು ಪ್ರಾರ್ಥನೆ ಮುಗಿದ ಮೇಲೂ ಸಾಲಿನಲ್ಲೇ ನಿಂತಿರುವ ಮಕ್ಕಳಂತೆ. ಕಾಂತ ತೆಗೆದರೂ ಅವುಗಳ ಕಾಂತತ್ವ ಉಳಿಯುತ್ತದೆ, ಆದ್ದರಿಂದ ಅಂಟಿಕೊಳ್ಳುತ್ತವೆ. ಸುಮಾರು 20 ನ್ಯಾನೊಮೀಟರಿಗಿಂತ ಚಿಕ್ಕ ಕಣಗಳಲ್ಲಿ ಹೀಗಿಲ್ಲ. ಕಾಂತ ಬಂದಾಗ ಎಲ್ಲವೂ ಅದರ ಕಡೆಗೆ ತಿರುಗುತ್ತವೆ. ಕಾಂತ ಹೋದೊಡನೆ ಸುತ್ತಲಿನ ಸಾಮಾನ್ಯ ಉಷ್ಣದ ಕುಲುಕಾಟವೇ ಅವುಗಳ ದಿಕ್ಕನ್ನು ಕ್ಷಣಕ್ಷಣಕ್ಕೂ ಬದಲಿಸುತ್ತಿರುತ್ತದೆ. ಒಟ್ಟಾರೆ ಕಾಂತತ್ವ ಸೊನ್ನೆ. ಇದನ್ನು ಸೂಪರ್ ಪ್ಯಾರಾಮ್ಯಾಗ್ನೆಟಿಸಂ ಎನ್ನುತ್ತಾರೆ. ಕರೆದಾಗ ಬರುವುದು, ಬಿಟ್ಟಾಗ ಮರೆಯುವುದು. ಹುಡುಗಿ ಕೇಳಿದ್ದರ ಅರ್ಧ ಉತ್ತರ ಇದು. ನಾನು ಹುಟ್ಟುವ ಮೊದಲೇ ಈ ಉತ್ತರ ಪುಸ್ತಕದಲ್ಲಿತ್ತು!

ಉಳಿದರ್ಧವೇ ಹೊದಿಕೆ. ಇಲ್ಲಿ ಒಂದು ಲೆಕ್ಕ ಮಾಡೋಣ. ಒಂದು ಸೆಂಟಿಮೀಟರ್ ಬಾಹುವಿನ ಘನವನ್ನು ತೆಗೆದುಕೊಳ್ಳಿ. ಅದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು 10 ನ್ಯಾನೊಮೀಟರ್ ಬಾಹುವಿನ ಪುಟ್ಟ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ಅಂದರೆ ಅರವತ್ತು ನಲವತ್ತರ ಎರಡೂವರೆ ಸೈಟಿಗಿಂತಲೂ ಹೆಚ್ಚು! ಇಷ್ಟು ಮೇಲ್ಮೈ ಬಯಲಾದಾಗ ಕಾಂತತ್ವವಿಲ್ಲದಿದ್ದರೂ ಅಣುಗಳ ನಡುವಿನ ಸಹಜ ಆಕರ್ಷಣೆಯಿಂದಲೇ ಕಣಗಳು ಗಂಟುಕಟ್ಟುತ್ತವೆ. ಹಲಸಿನಹಣ್ಣು ಬಿಡಿಸುವ ಮೊದಲು ನಾವು ಕೈಗೆ ಎಣ್ಣೆ ಸವರಿಕೊಳ್ಳುತ್ತೇವಲ್ಲವೆ? ಅದೇ ಉಪಾಯ. ಪ್ರತಿ ಕಣಕ್ಕೂ ಒಂದು ಹೊದಿಕೆ ತೊಡಿಸಿದರೆ ಅವು ಪರಸ್ಪರ ಮುಟ್ಟಲಾರವು.

ಈ ಉಪಾಯ ಮೊದಲು ಹೆಸರು ಮಾಡಿದ್ದು ವೈದ್ಯಕೀಯದಲ್ಲಿ ಅಲ್ಲ, ಆಕಾಶಯಾನದಲ್ಲಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ನಾಸಾದ ಇಂಜಿನಿಯರ್ ಸ್ಟೀವ್ ಪ್ಯಾಪೆಲ್ ಎಂಬವರು, ತೂಕವಿಲ್ಲದ ಸ್ಥಿತಿಯಲ್ಲಿ ರಾಕೆಟ್ಟಿನ ಇಂಧನವನ್ನು ಕಾಂತದಿಂದ ಎಳೆಯಬಹುದೇ ಎಂದು ಯೋಚಿಸಿದರು. ಮ್ಯಾಗ್ನಟೈಟನ್ನು ದ್ರವದಲ್ಲಿ ಬಹುಕಾಲ ಅರೆದು, ಓಲಿಯಿಕ್ ಆಮ್ಲವನ್ನು ಹೊದಿಕೆಯಾಗಿ ಬಳಸಿದರು. ನಮ್ಮ ಶೇಂಗಾ ಎಣ್ಣೆಯಲ್ಲೂ ಹೇರಳವಾಗಿರುವ ಕೊಬ್ಬಿನ ಆಮ್ಲವೇ ಅದು. ಅದರ ಒಂದು ತುದಿ ಕಣವನ್ನು ಹಿಡಿದುಕೊಳ್ಳುತ್ತದೆ, ಉದ್ದನೆಯ ಬಾಲ ಹೊರಗೆ ಚಾಚಿಕೊಂಡು ಪಕ್ಕದ ಕಣವನ್ನು ದೂರವಿಡುತ್ತದೆ. ಹಾಗೆ ಹುಟ್ಟಿದ್ದು ಕಾಂತಕ್ಕೆ ಓಗೊಡುವ ಕಪ್ಪು ದ್ರವ, ಫೆರೊಫ್ಲೂಯಿಡ್.

ದೇಹದೊಳಗೆ ಹೋಗಬೇಕಾದ ಕಣಕ್ಕೆ ಎಣ್ಣೆಯ ಹೊದಿಕೆ ಸಾಲದು. ನೀರಿನಲ್ಲಿ ಬೆರೆಯುವ ಹೊದಿಕೆ ಬೇಕು. ಅಲ್ಲದೆ ನಮ್ಮ ರಕ್ತದಲ್ಲಿ ಕಾವಲುಗಾರರಿದ್ದಾರೆ. ಅಪರಿಚಿತ ಕಣವೊಂದು ಬಂದೊಡನೆ ರಕ್ತದ ಪ್ರೋಟೀನುಗಳು ಅದಕ್ಕೆ ಮೆತ್ತಿಕೊಂಡು ಗುರುತು ಹಾಕುತ್ತವೆ. ಯಕೃತ್ತು ಮತ್ತು ಗುಲ್ಮಗಳಲ್ಲಿರುವ ಭಕ್ಷಕ ಕೋಶಗಳು ಅದನ್ನು ನುಂಗಿಬಿಡುತ್ತವೆ. ಒಳಗೆ ಎಂಥ ಕಾಂತವಿದ್ದರೇನು, ದೇಹ ನೋಡುವುದು ಹೊರಗಿನ ಅಂಗಿಯನ್ನು. ಆದುದರಿಂದ ಡೆಕ್ಸ್‌ಟ್ರಾನ್ ಎಂಬ ಸಕ್ಕರೆಯ ಸರಪಳಿ, ಪಾಲಿಎಥಿಲೀನ್ ಗ್ಲೈಕಾಲ್, ಮರಳಿನ ಬಂಧುವಾದ ಸಿಲಿಕಾ ಇತ್ಯಾದಿಗಳನ್ನು ತೊಡಿಸುತ್ತಾರೆ.

ಇದೆಲ್ಲ ಮನುಷ್ಯನ ಜಾಣತನವೆಂದು ನಾನು ಬೆರಗಾದಾಗ ಅವಳು ನಕ್ಕಳು. "ಸರ್, ಪ್ರಕೃತಿ ಇದನ್ನು ಎಂದೋ ಮಾಡಿದೆ" ಎಂದಳು. ನಮ್ಮ ದೇಹ ಕಬ್ಬಿಣವನ್ನು ಬರಿದಾಗಿ ಇಟ್ಟುಕೊಳ್ಳುವುದಿಲ್ಲ; ಬರಿಯ ಕಬ್ಬಿಣ ಕೋಶಗಳಿಗೆ ವಿಷ. ಫೆರಿಟಿನ್ ಎಂಬ ಪ್ರೋಟೀನಿನ ಪುಟ್ಟ ಕರಡಿಗೆಯೊಳಗೆ ಅದನ್ನು ಇಡುತ್ತದೆ. ಆ ಕರಡಿಗೆಯ ಹೊರ ಅಗಲ 12 ನ್ಯಾನೊಮೀಟರ್. ಒಳಗೆ ಸುಮಾರು 4,500 ಕಬ್ಬಿಣದ ಪರಮಾಣುಗಳವರೆಗೆ ಹಿಡಿಯುತ್ತವೆ. 1975ರಲ್ಲಿ ರಿಚರ್ಡ್ ಬ್ಲೇಕ್‌ಮೋರ್ ಎಂಬ ಅಮೆರಿಕದ ವಿಜ್ಞಾನಿ, ಕಾಂತದ ದಿಕ್ಕನ್ನು ಅನುಸರಿಸಿ ಈಜುವ ಬ್ಯಾಕ್ಟೀರಿಯಗಳು ಕೆಸರಿನಲ್ಲಿರುವುದನ್ನು ವರದಿ ಮಾಡಿದರು. ಅವುಗಳೊಳಗೆ ಇದೇ ಮ್ಯಾಗ್ನಟೈಟಿನ ಹರಳುಗಳು ಸಾಲಾಗಿರುತ್ತವೆ. ಪ್ರತಿ ಹರಳಿಗೂ ತೆಳುಪೊರೆಯ ಹೊದಿಕೆ!

ಇನ್ನು ಬಿಸಿಯ ವಿಚಾರ. ಕಾಂತಕ್ಷೇತ್ರದ ದಿಕ್ಕನ್ನು ಅತಿವೇಗವಾಗಿ ಹಿಂದುಮುಂದಾಗಿಸಿದರೆ ಕಣಗಳೂ ಅದರೊಂದಿಗೆ ತಿರುಗಲು ಹೆಣಗುತ್ತವೆ. ಆ ಹೆಣಗಾಟ ಉಷ್ಣವಾಗುತ್ತದೆ. 1957ರಲ್ಲೇ ಗಿಲ್‌ಕ್ರಿಸ್ಟ್ ಎಂಬ ಅಮೆರಿಕದ ಶಸ್ತ್ರಚಿಕಿತ್ಸಕರು ಮತ್ತು ಅವರ ಸಂಗಡಿಗರು ಈ ರೀತಿ ದುಗ್ಧಗ್ರಂಥಿಗಳನ್ನು ಬಿಸಿಮಾಡುವ ಪ್ರಯೋಗವನ್ನು ಪ್ರಕಟಿಸಿದ್ದರು. ಬರ್ಲಿನ್ನಿನಲ್ಲಿ ಆಂಡ್ರಿಯಾಸ್ ಜೋರ್ಡಾನ್ ಎಂಬ ವಿಜ್ಞಾನಿ ಇದನ್ನು ವರ್ಷಗಟ್ಟಲೆ ಬೆಳೆಸಿದರು. ಅವರ ಮ್ಯಾಗ್‌ಫೋರ್ಸ್ ಸಂಸ್ಥೆ ತಯಾರಿಸಿದ ಕಣಗಳಿಗೆ ಅಮೈನೊಸೈಲೇನ್ ಎಂಬ ಸಿಲಿಕಾನ್ ಸಂಯುಕ್ತದ ಹೊದಿಕೆ. ಈ ಹೊದಿಕೆಯಿಂದಾಗಿ ಕಣಗಳು ಚುಚ್ಚಿದ ಜಾಗದಲ್ಲೇ ನೆಲೆಯಾಗಿ ನಿಲ್ಲುತ್ತವೆ. ರೋಗಿಯ ತಲೆಯನ್ನು ಸೆಕೆಂಡಿಗೆ ಒಂದು ಲಕ್ಷ ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರದಲ್ಲಿ ಇಡುತ್ತಾರೆ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, ಒಟ್ಟು ಆರು ಸಲ, ಜೊತೆಗೆ ವಿಕಿರಣ. ಯುರೋಪಿನಲ್ಲಿ 2010ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತ್ತು. ಅಂದರೆ ಅಳಿಯ ತಂದ ಸುದ್ದಿ ಸುಳ್ಳಲ್ಲ.

"ಗುಣವಾಗುತ್ತದೆಯೇ?" ಎಂದು ಅವಳನ್ನು ಕೇಳಿದೆ. ಅವಳು ನಿಧಾನವಾಗಿ ಹೇಳಿದಳು. ಗಡ್ಡೆ ಮರಳಿದ 59 ರೋಗಿಗಳ ಮೇಲೆ ಅಧ್ಯಯನ ನಡೆದಿದೆ. ಮರಳಿದ ದಿನದಿಂದ ಲೆಕ್ಕ ಹಾಕಿದರೆ ಅವರಲ್ಲಿ ಅರ್ಧದಷ್ಟು ಜನ 13.4 ತಿಂಗಳಿಗಿಂತ ಹೆಚ್ಚು ಬದುಕಿದ್ದಾರೆ. ಹಿಂದಿನ ಬೇರೊಂದು ಅಧ್ಯಯನದಲ್ಲಿ ಆ ಸಂಖ್ಯೆ 6.2 ತಿಂಗಳು. ಕೇಳಲು ದುಪ್ಪಟ್ಟು. ಆದರೆ ಒಂದೇ ಕಾಲದಲ್ಲಿ, ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದ್ದಲ್ಲ. ಚಿಕಿತ್ಸೆಗೆ ಆರಿಸಿಕೊಂಡವರು ಸಾಕಷ್ಟು ಗಟ್ಟಿಯಾಗಿದ್ದವರು. ಹಾಗಾಗಿ ಆ ಹೆಚ್ಚಳದಲ್ಲಿ ಕಣಗಳ ಪಾಲೆಷ್ಟು, ಆಯ್ಕೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಇನ್ನೆರಡು ಸಂಗತಿಗಳಿದ್ದವು. ಕಬ್ಬಿಣ ಮೆದುಳಿನಲ್ಲೇ ಉಳಿಯುವುದರಿಂದ ಆಮೇಲೆ ಆ ಜಾಗದ ಎಂ.ಆರ್.ಐ. ಚಿತ್ರ ಕಪ್ಪಾಗಿ ಕಾಣದೆ ಹೋಗುತ್ತದೆ. ಗಡ್ಡೆ ಕುಗ್ಗಿತೋ ಬೆಳೆಯಿತೋ ಎಂದು ಆ ಮೂಲಕ ನೋಡುವಂತಿಲ್ಲ. ಎರಡನೆಯದು, ಚಿಕಿತ್ಸೆಯ ಜಾಗದಿಂದ 40 ಸೆಂಟಿಮೀಟರಿನೊಳಗೆ ದೇಹದಲ್ಲಿ ಲೋಹವಿರಬಾರದು, ಅದೂ ಕಾಯುತ್ತದೆ. ಭಾವ ಹಿಂದೊಮ್ಮೆ ಜೀಪಿನಿಂದ ಬಿದ್ದಾಗ ಕೊರಳೆಲುಬಿಗೆ ಹಾಕಿದ ಸ್ಟೀಲಿನ ಪಟ್ಟಿ ಹಾಗೆಯೇ ಇತ್ತು. ಬರ್ಲಿನ್ನಿಗೆ ಹೋಗುವ ಮೊದಲು ಅದನ್ನು ತೆಗೆಸಲು ಇನ್ನೊಂದು ಶಸ್ತ್ರಚಿಕಿತ್ಸೆ ಆಗಬೇಕು.

"ಹಾಗಾದರೆ ಬೇಡವೆನ್ನಲೇ?" ಎಂದೆ.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಹೇಳಿದಳು: "ಸರ್, ತಪ್ಪು ತಿಳಿಯಬೇಡಿ. ಇದು ನಿಮ್ಮ ನಿರ್ಧಾರವೂ ಅಲ್ಲ, ನಿಮ್ಮ ಅಳಿಯನದೂ ಅಲ್ಲ. ನಿಮ್ಮ ಭಾವನವರನ್ನು ಯಾರಾದರೂ ಕೇಳಿದ್ದೀರಾ?"

ಕೇಳಿರಲಿಲ್ಲ. ಹತ್ತು ದಿನಗಳಿಂದ ಆ ಮನೆಯಲ್ಲಿ ಎಲ್ಲರೂ ಭಾವನ ಬಗ್ಗೆ ಮಾತನಾಡುತ್ತಿದ್ದರು; ಭಾವನೊಂದಿಗೆ ಯಾರೂ ಮಾತನಾಡಿರಲಿಲ್ಲ.

ಮರುದಿನ ಹೋದೆ. ಭಾವ ಅಂಗಳದಲ್ಲಿ ಬಿಸಿಲಿಗೆ ಕುಳಿತು ಅಡಿಕೆ ಒಣಹಾಕುವುದನ್ನು ನೋಡುತ್ತಿದ್ದರು. ಮೇಲೆ ಬರೆದುದನ್ನೆಲ್ಲ, ಇಷ್ಟು ವಿವರವಾಗಿ ಅಲ್ಲದಿದ್ದರೂ, ಬಿಡದೆ ಹೇಳಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. "ಗುಣ ಆಗ್ತದಾ?" ಎಂದರು. "ಇಲ್ಲ ಭಾವ. ಕೆಲವು ತಿಂಗಳು ಹೆಚ್ಚಿಗೆ ಸಿಗಬಹುದು, ಸಿಗದೆಯೂ ಹೋಗಬಹುದು" ಎಂದೆ. "ಆ ತಿಂಗಳುಗಳಲ್ಲಿ ಎಷ್ಟನ್ನು ಅಲ್ಲಿ ಕಳೀಬೇಕು?" ಎಂದರು. ಅದಕ್ಕೆ ನನ್ನ ಬಳಿ ಲೆಕ್ಕವಿರಲಿಲ್ಲ. ತುಸು ಹೊತ್ತಿನ ಬಳಿಕ "ಬೇಡ ಮಾರಾಯ. ಕೊನೆಕೊಯ್ಲು ಎದುರಿಗಿದೆ. ತೋಟ ಹುಡುಗನಿಗಿರಲಿ" ಎಂದರು. ಒಳಗೆ ಬಂದು ಅಕ್ಕನಿಗೂ ಅಳಿಯನಿಗೂ ಆ ಮಾತನ್ನು ಮುಟ್ಟಿಸಿದವನು ನಾನು. ಮನೆಯವರ ನೆನಪಿನಲ್ಲಿ ಅದು ನನ್ನ ಮಾತಾಗಿಯೇ ಉಳಿದಿದೆ.

ಭಾವ ಆ ವರ್ಷದ ಕೊಯ್ಲನ್ನು ನೋಡಿದರು. 2012ರ ಆಷಾಢದ ಮಳೆಯಲ್ಲಿ, ತಮ್ಮ ಕೋಣೆಯಲ್ಲಿ, ಅಕ್ಕನ ಕೈಹಿಡಿದುಕೊಂಡೇ ತೀರಿಕೊಂಡರು. ಅಳಿಯ ಎರಡು ವರ್ಷ ನನ್ನೊಂದಿಗೆ ಅಷ್ಟಾಗಿ ಮಾತನಾಡಲಿಲ್ಲ. ಅವನನ್ನು ನಾನು ದೂರುವುದಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಇರುತ್ತಿದ್ದೆ.

ಆದ್ದರಿಂದ ಮಗೂ, ನಿನ್ನ ಪ್ರಶ್ನೆಗೆ ಮೊದಲ ಉತ್ತರ ಇದು: ಬೇಡವೆಂದವರು ನಿನ್ನ ಅಜ್ಜ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾನು ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. ಸಂಗತಿಗಳನ್ನು ಹೇಳುವವನ ದನಿಯೂ ಒಂದು ಹೊದಿಕೆಯೇ. ನನಗೆ ಒಳಗೊಳಗೇ ಭಾವ ಇಲ್ಲಿಯೇ ಇರಲಿ ಎಂದಿತ್ತು. 13.4 ಎಂಬ ಸಂಖ್ಯೆಯನ್ನು ನಾನು ಯಾವ ದನಿಯಲ್ಲಿ ಹೇಳಿದೆ, 40 ಸೆಂಟಿಮೀಟರನ್ನು ಯಾವ ದನಿಯಲ್ಲಿ ಹೇಳಿದೆ ಎಂದು ಈಗಲೂ ಕೆಲವು ರಾತ್ರಿ ನೆನಪಿಸಿಕೊಳ್ಳುತ್ತೇನೆ. 2022ರಲ್ಲಿ ಆ ಜರ್ಮನ್ ಸಂಸ್ಥೆ ದಿವಾಳಿಯಾಯಿತೆಂಬ ಸುದ್ದಿ ಓದಿದಾಗ ಒಬ್ಬ ಬಂಧು "ನೋಡಿ, ನೀವು ಹೇಳಿದ್ದೇ ಸರಿಯಾಯಿತು" ಎಂದರು. ನನಗೆ ಸಮಾಧಾನವಾಗಲಿಲ್ಲ. ಹಣವಿಲ್ಲದೆ ಮುಚ್ಚಿದ್ದು ಔಷಧಿಯ ವಿರುದ್ಧ ಸಾಕ್ಷಿಯಲ್ಲ. ಸರಿಯಾದ ಹೋಲಿಕೆಯ ಪರೀಕ್ಷೆ ನಡೆಯದೆ ಉಳಿದದ್ದೇ ನಿಜವಾದ ನಷ್ಟ.

ಎರಡನೆಯ ಉತ್ತರ, ಆ ಕಣಗಳು ಈಗ ಎಲ್ಲಿವೆ ಎಂಬುದು. ಗಡ್ಡೆಯನ್ನು ಬಿಸಿಮಾಡುವ ಆಸೆ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ರಕ್ತಕ್ಕೆ ಔಷಧಿ ಹೊತ್ತ ಕಣ ಬಿಟ್ಟು ಹೊರಗಿನಿಂದ ಕಾಂತ ಹಿಡಿದು ಬೇಕಾದಲ್ಲಿಗೆ ಎಳೆಯುವುದು ಚಿತ್ರದಲ್ಲಿ ಸುಲಭ. ದೂರ ಹೆಚ್ಚಿದಂತೆ ಕಾಂತದ ಸೆಳೆತ ಬೇಗನೆ ಕುಸಿಯುತ್ತದೆ, ರಕ್ತದ ಹರಿವು ಕಣವನ್ನು ಕೊಚ್ಚಿಕೊಂಡು ಹೋಗುತ್ತದೆ. ಆದರೆ ಸದ್ದಿಲ್ಲದೆ ಗೆದ್ದ ಉಪಯೋಗಗಳೂ ಇವೆ.

ಕಾವಲುಗಾರರು ಕಣವನ್ನು ನುಂಗುತ್ತಾರೆ ಎಂದೆನಲ್ಲ, ಆ ತೊಡಕನ್ನೇ ವೈದ್ಯರು ಉಪಯೋಗಕ್ಕೆ ತಂದುಕೊಂಡರು. ಡೆಕ್ಸ್‌ಟ್ರಾನ್ ಹೊದಿಸಿದ ಫೆರಿಡೆಕ್ಸ್ ಎಂಬ ಔಷಧಿಗೆ ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು. ಯಕೃತ್ತಿನ ಆರೋಗ್ಯವಂತ ಭಾಗ ಕಣಗಳನ್ನು ನುಂಗಿ ಎಂ.ಆರ್.ಐ.ಯಲ್ಲಿ ಕಪ್ಪಾಗುತ್ತದೆ; ಗಡ್ಡೆಯಲ್ಲಿ ನುಂಗುವ ಕೋಶಗಳಿಲ್ಲದೆ ಅದು ಬೆಳ್ಳಗೆ ಉಳಿದು ಎದ್ದು ಕಾಣುತ್ತದೆ. ಅದರ ತಯಾರಿಕೆ 2008ರಲ್ಲಿ ನಿಂತಿತು. ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆಂದು 2009ರಲ್ಲಿ ಬಂದ ಫೆರುಮಾಕ್ಸಿಟಾಲ್ ಸಹ ಸಕ್ಕರೆಯಂಥ ಹೊದಿಕೆಯ ಕಾಂತಕಣವೇ. ಕೆಲವರಿಗೆ ಅದರಿಂದ ಪ್ರಾಣಾಪಾಯದ ಅಲರ್ಜಿಯಾದುದರಿಂದ 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟು, ನಿಧಾನವಾಗಿ ಹನಿಹನಿಯಾಗಿ ಕೊಡಬೇಕೆಂದು ವಿಧಿಸಿತು. ಹೊದಿಕೆ ಎಂದರೆ ಅಲಂಕಾರವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಸ್ತನ ಕ್ಯಾನ್ಸರಿನಲ್ಲಿ ರೋಗ ಮೊದಲು ತಲುಪುವ ದುಗ್ಧಗ್ರಂಥಿಯನ್ನು ಹುಡುಕಲು ಇಂಥ ಕಣಗಳ ಕಂದುದ್ರವವನ್ನು ಬಳಸಲು ಅದೇ ದೇಶದಲ್ಲಿ 2018ರಲ್ಲಿ ಅನುಮತಿಯಾಯಿತು. ವಿಕಿರಣವಸ್ತುವಿನ ಬದಲು ಕೈಯಲ್ಲಿ ಹಿಡಿಯುವ ಒಂದು ಕಾಂತಶೋಧಕ ಸಾಕು.

ಇವೆಲ್ಲ ದೂರದ ಮಾತಾಯಿತು. 2020ರಲ್ಲಿ ನಮ್ಮೆಲ್ಲರ ಮೂಗಿಗೂ ಕಡ್ಡಿ ಹಾಕಿದರಲ್ಲ, ಆ ಕೊರೊನಾ ಪರೀಕ್ಷೆಗೂ ಅನೇಕ ಪ್ರಯೋಗಾಲಯಗಳಲ್ಲಿ ಇವೇ ಕಣಗಳು ಬೇಕಾಗಿದ್ದವು. ಸೂಕ್ತ ಲವಣದ ದ್ರಾವಣದಲ್ಲಿ ವೈರಸ್ಸಿನ ಆರ್.ಎನ್.ಎ. ಸಿಲಿಕಾ ಹೊದಿಕೆಗೆ ಅಂಟಿಕೊಳ್ಳುತ್ತದೆ. ಕೊಳವೆಯ ಪಕ್ಕದಲ್ಲಿ ಕಾಂತ ಹಿಡಿದರೆ ಕಣಗಳು ಗೋಡೆಗೆ ಸರಿಯುತ್ತವೆ. ಕೊಳೆಯನ್ನೆಲ್ಲ ತೊಳೆದು, ಕಾಂತ ತೆಗೆದರೆ ಕಣಗಳು ಮತ್ತೆ ಬಿಡಿಬಿಡಿ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ಆ ವರ್ಷವೇ ಕಾಂತೀಯ ನ್ಯಾನೊಕಣಗಳನ್ನು ಬಳಸುವ ಇಂಥದೊಂದು ಕಿಟ್ಟನ್ನು ರೂಪಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2022ರಲ್ಲಿ ತಿರುಪಿನಾಕಾರದ ಸಿಲಿಕಾದ ಮೇಲೆ ಕಬ್ಬಿಣ ಲೇಪಿಸಿ, ಕಾಂತಕ್ಷೇತ್ರದಿಂದ ಅದನ್ನು ಹಲ್ಲಿನೊಳಗಿನ ಸೂಕ್ಷ್ಮನಾಳಗಳಿಗೆ ನಡೆಸಿ, ಬಿಸಿಯಿಂದ ಬ್ಯಾಕ್ಟೀರಿಯಗಳನ್ನು ಕೊಲ್ಲಬಹುದೆಂದು ತೋರಿಸಿದರು. ಅಲ್ಲಿ ಕಾಂತವೇ ಹೊರಗೆ, ಸಿಲಿಕಾ ಒಳಗೆ!

ಕರೆದಾಗ ಬರಬೇಕು, ಬಿಟ್ಟಾಗ ಅಂಟಬಾರದು. ಹಾಗೆ ಮಾಡಿ ಏನು ಉಪಯೋಗ ಎಂದು ಕೇಳಿದವನು ನಾನು.

ನಾಲ್ಕನೆಯ ಸಂಜೆಯ ಫೋನಿನಲ್ಲಿ ಅವಳಲ್ಲಿ ಕ್ಷಮೆ ಕೇಳಿದ್ದೆ. "ಯಾವುದಕ್ಕೆ ಸರ್?" ಎಂದಳು. 1988ರ ಹೊಳೆಯ ದಂಡೆಯ ಸಂಗತಿ ಹೇಳಿದೆ. ಅವಳು ಮರೆತಿರಬಹುದೆಂದು ಆಸೆಪಟ್ಟಿದ್ದೆ, ಮರೆತಿರಲಿಲ್ಲ. "ಅಂದು ತುಂಬ ಅತ್ತಿದ್ದೆ ಸರ್" ಎಂದಳು. ಆಮೇಲೆ, "ಆದರೆ ಆ ಕಪ್ಪು ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಹೋಗಿದ್ದೆ. ಹೊಳೆಗೆ ಕರೆದುಕೊಂಡು ಹೋದವರೂ ನೀವೇ ಅಲ್ಲವೇ" ಎಂದಳು. ಅದು ಅವಳ ದೊಡ್ಡತನ. ನನ್ನ ತಪ್ಪು ಅದರಿಂದ ಸಣ್ಣದಾಗುವುದಿಲ್ಲ. ಅಂದಿನಿಂದ ನಿವೃತ್ತಿಯಾಗುವವರೆಗಿನ ವರ್ಷಗಳಲ್ಲಿ "ನನಗೆ ಗೊತ್ತಿಲ್ಲ, ಹುಡುಕೋಣ" ಎಂಬ ವಾಕ್ಯವನ್ನು ತರಗತಿಯಲ್ಲಿ ಹೇಳಲು ಕಲಿತೆ. ಮೊದಮೊದಲು ಕಷ್ಟವಾಯಿತು.

ನಿಮ್ಮಲ್ಲಿ ಎಷ್ಟು ಜನರನ್ನು ನಾನು ಹಾಗೆ ಕುಳ್ಳಿರಿಸಿದ್ದೇನೋ ಲೆಕ್ಕವಿಲ್ಲ. ಅಂಥ ಪ್ರಶ್ನೆ ಯಾವುದಾದರೂ ನಿಮ್ಮ ಮನಸ್ಸಿನಲ್ಲಿ ಉಳಿದಿದ್ದರೆ ಈಗಲಾದರೂ ಕೇಳಿ. ಅಳಿಯನ ಮಗಳಿಗೆ ಈ ಬರಹವನ್ನು ಅಚ್ಚುಮಾಡಿಸಿ ಕಳುಹಿಸುತ್ತಿದ್ದೇನೆ. ಜೊತೆಗೆ ನನ್ನ ಹಳೆಯ ದಂಡಕಾಂತವನ್ನೂ. ಮಳೆ ನಿಂತು ಹೊಳೆಯ ನೀರು ಇಳಿದಿದೆ. ಈಗ ಮರಳು ಒಣಗಿರುತ್ತದೆ.

ಎಲ್ಲರಿಗೂ ಶುಭವಾಗಲಿ.